ಹಾಳೆ ತಿರುಗಿಸಿ ನೋಡಿ: ರೆಂಬ್ರಾಂಟ್ ಬರೆದ ಮೊಘಲರು ಯಾರ ಯಾರ ಕೈ ದಾಟಿ ಬಂದರು?

1747ರ ಜನವರಿಯಲ್ಲಿ ಲಂಡನ್ನಿನಲ್ಲಿ ಒಂದು ಹರಾಜು ಶುರುವಾಯಿತು. ಮುಗಿಯಲು 18 ರಾತ್ರಿ ಬೇಕಾಯಿತು. ಜೊನಾಥನ್ ರಿಚರ್ಡ್‌ಸನ್ ಅನ್ನುವ ಭಾವಚಿತ್ರಕಾರ 1745ರಲ್ಲಿ ತೀರಿಕೊಂಡಿದ್ದ. ಅವನು ಜೀವಮಾನವಿಡೀ ಕೂಡಿಹಾಕಿದ್ದ ಸಾವಿರಾರು ರೇಖಾಚಿತ್ರಗಳು ಅಲ್ಲಿ ಮಾರಾಟಕ್ಕಿದ್ದವು. ಕ್ಯಾಟಲಾಗಿನಲ್ಲಿ ಒಂದು ಪುಟ್ಟ ಸಾಲು ಹೀಗಿತ್ತು: ರೆಂಬ್ರಾಂಟ್‌ನ ಇಂಡಿಯನ್ ಚಿತ್ರಗಳ ಒಂದು ಪುಸ್ತಕ, ಒಟ್ಟು 25. ಅಷ್ಟೇ. ಯಾವ ಚಿತ್ರ, ಎಷ್ಟು ಉದ್ದ, ಎಷ್ಟು ಅಗಲ, ಯಾರಿಂದ ಬಂತು ಅನ್ನುವ ಒಂದು ಮಾತೂ ಇಲ್ಲ.

17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹಾಲೆಂಡ್ ಬಿಟ್ಟು ಎಲ್ಲಿಗೂ ಹೋದವನಲ್ಲ. ಆದರೆ ಅವನಿದ್ದ ಆಮ್‌ಸ್ಟರ್‌ಡ್ಯಾಮ್ ಬಂದರಿಗೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಬರುತ್ತಿದ್ದವು. ಆ ವ್ಯಾಪಾರದ ದಾರಿಯಲ್ಲಿ ಮೊಘಲ್ ಕಿರುಚಿತ್ರಗಳೂ ಅಲ್ಲಿಗೆ ತಲುಪಿದವು. 1656ರಿಂದ 1661ರ ಆಸುಪಾಸಿನಲ್ಲಿ ರೆಂಬ್ರಾಂಟ್ ಅವುಗಳನ್ನು ನೋಡಿ ನೋಡಿ ಬರೆದ. ಶಹಜಹಾನ್, ಜಹಾಂಗೀರ್, ದಾರಾ ಶಿಕೋ, ಮರದ ಕೆಳಗೆ ಕೂತ ನಾಲ್ವರು ಮುಲ್ಲಾಗಳು. ಇವತ್ತು ಅಂಥ 23 ಚಿತ್ರಗಳು ಉಳಿದಿವೆ. ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ರೋಟರ್‌ಡ್ಯಾಮ್, ನ್ಯೂಯಾರ್ಕ್, ಕ್ಲೀವ್‌ಲ್ಯಾಂಡ್, ಲಾಸ್ ಏಂಜಲೀಸ್ ಅಂತ ಬೇರೆ ಬೇರೆ ಊರಿನ ಮ್ಯೂಸಿಯಂಗಳಲ್ಲಿ ಚದುರಿಹೋಗಿವೆ. 2018ರಲ್ಲಿ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಇವುಗಳಲ್ಲಿ 20ನ್ನು ಒಂದೇ ಕಡೆ ತಂದು ತೋರಿಸಿತ್ತು.

ಪುಸ್ತಕದಲ್ಲಿ 25 ಇದ್ದವು. ಈಗ ಇರುವುದು 23. ಹಾಗಾದರೆ ಎರಡು ಕಳೆದುಹೋದವು ಅಂತ ಲೆಕ್ಕ ಮುಗಿಸಬಹುದಾ? ಇಲ್ಲ. ಈಗಿರುವ ಪ್ರತಿಯೊಂದೂ ಆ ಪುಸ್ತಕದಲ್ಲೇ ಇತ್ತು ಅಂತ ಹೇಳಬೇಕಾದರೆ ಒಂದೊಂದು ಹಾಳೆಗೂ ಬೇರೆ ಬೇರೆಯಾಗಿ ಪುರಾವೆ ಬೇಕು. ಆ ಪುರಾವೆ ಹುಡುಕುವ ಕೆಲಸಕ್ಕೆ ಕಲಾಲೋಕದಲ್ಲಿ ಪ್ರಾವೆನೆನ್ಸ್ ಸಂಶೋಧನೆ ಅನ್ನುತ್ತಾರೆ. ಚಿತ್ರ ಯಾರ ಕೈಯಿಂದ ಯಾರ ಕೈಗೆ, ಯಾವಾಗ, ಹೇಗೆ ಹೋಯಿತು ಅನ್ನುವುದನ್ನು ಕಲಾವಿದನ ಟೇಬಲ್ಲಿನಿಂದ ಇವತ್ತಿನ ಗೋಡೆಯವರೆಗೆ ಕಟ್ಟಿ ತೋರಿಸುವುದು.

ನಮ್ಮಲ್ಲಿ ಸೈಟು ಕೊಳ್ಳುವಾಗ ಮದರ್ ಡೀಡ್ ಕೇಳುತ್ತೇವೆ, ಇಸಿ ತೆಗೆಸುತ್ತೇವೆ, ಮಧ್ಯೆ ಒಂದು ಕೊಂಡಿ ತಪ್ಪಿದ್ದರೆ ವಕೀಲರು ಹುಬ್ಬು ಗಂಟಿಕ್ಕುತ್ತಾರೆ. ಚಿತ್ರದ ವಿಷಯದಲ್ಲೂ ಪ್ರಶ್ನೆ ಅದೇ. ತೊಂದರೆ ಏನೆಂದರೆ ಚಿತ್ರಗಳಿಗೆ ಸಬ್‌ರಿಜಿಸ್ಟ್ರಾರ್ ಕಚೇರಿ ಇಲ್ಲ. ಅದರಲ್ಲೂ ರೇಖಾಚಿತ್ರ ಅಂದರೆ ಅಂಗೈ ಅಗಲದ ಕಾಗದ. ಪುಸ್ತಕದೊಳಗೆ ಸೇರಿಕೊಳ್ಳುತ್ತದೆ, ಕಾಗದದ ಕಟ್ಟಿನಲ್ಲಿ ಹೋಗುತ್ತದೆ, ಹತ್ತನ್ನು ಒಟ್ಟಿಗೆ ಕಟ್ಟಿ ಒಂದು ಲಾಟ್ ಅಂತ ಮಾರುತ್ತಾರೆ. ದೊಡ್ಡ ತೈಲಚಿತ್ರವಾದರೆ ಚರ್ಚಿನ ಗೋಡೆಯ ಮೇಲೆ ನಾನೂರು ವರ್ಷ ಇತ್ತು ಅಂತ ಹೇಳಬಹುದು. ರೇಖಾಚಿತ್ರಕ್ಕೆ ಆ ಭಾಗ್ಯ ಇಲ್ಲ.

ಆದರೆ ಕಾಗದಕ್ಕೆ ಬೇರೊಂದು ಅನುಕೂಲ ಇದೆ. ಅದರ ಮೇಲೆ ಸೀಲು ಒತ್ತಬಹುದು!

ಹಳೆಯ ಯುರೋಪಿನ ಸಂಗ್ರಾಹಕರು ತಮ್ಮ ಚಿತ್ರಗಳ ಮೂಲೆಯಲ್ಲಿ ಒಂದು ಸಣ್ಣ ಗುರುತು ಒತ್ತುತ್ತಿದ್ದರು. ಹೆಸರಿನ ಮೊದಲಕ್ಷರ, ಕಿರೀಟ, ನಕ್ಷತ್ರ, ಏನಾದರೊಂದು. ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್‌ಗಾಗಿ ಇಟಲಿಯಲ್ಲಿ ಚಿತ್ರಗಳನ್ನು ಕೊಂಡುತಂದ ಸಂಗೀತಗಾರ ನಿಕೋಲಸ್ ಲೇನಿಯರ್‌ನದು ಒಂದು ಪುಟ್ಟ ನಕ್ಷತ್ರ. ಮುಂದೆ ಎರಡನೇ ಚಾರ್ಲ್ಸ್‌ನ ಆಸ್ಥಾನ ಚಿತ್ರಕಾರನಾದ ಪೀಟರ್ ಲೀಲಿಯದು ‘ಪಿಎಲ್’ ಅನ್ನುವ ಎರಡಕ್ಷರ. ರಿಚರ್ಡ್‌ಸನ್‌ನದು ‘ಆರ್’. ರೆಂಬ್ರಾಂಟ್‌ನ ಮೊಘಲ್ ಚಿತ್ರಗಳಲ್ಲಿ ಹಲವದರ ಮೇಲೆ ಈ ‘ಆರ್’ ಇದೆ. 1747ರ ಕ್ಯಾಟಲಾಗಿನ ಆ ಒಂದು ಸಾಲನ್ನು ಇವತ್ತು ಮ್ಯೂಸಿಯಂನಲ್ಲಿರುವ ಹಾಳೆಗೆ ಗಂಟು ಹಾಕುವುದು ಮುಖ್ಯವಾಗಿ ಅದೇ. ಸೀಲು ಇರದಿದ್ದರೆ ಕ್ಯಾಟಲಾಗಿನ ಸಾಲು ಒಂದು ಕಡೆ, ಹಾಳೆ ಇನ್ನೊಂದು ಕಡೆ ಉಳಿಯುತ್ತಿತ್ತು.

ಇಷ್ಟೊಂದು ಸೀಲುಗಳನ್ನು ಗುರುತು ಹಿಡಿಯುವುದು ಹೇಗೆ? ಅದಕ್ಕೆ ಎಲ್ಲರೂ ಋಣಿಯಾಗಿರಬೇಕಾದದ್ದು ಫ್ರಿಟ್ಸ್ ಲುಗ್ಟ್ ಅನ್ನುವ ಡಚ್ಚನಿಗೆ. ಈ ಪುಣ್ಯಾತ್ಮ ಚಿಕ್ಕ ಹುಡುಗನಾಗಿದ್ದಾಗಲೇ ತನ್ನ ಕೋಣೆಯನ್ನು ‘ಮ್ಯೂಸಿಯಂ ಲುಗ್ಟಿಯಸ್’ ಅಂತ ಕರೆದುಕೊಂಡು ಒಳಗಿದ್ದ ವಸ್ತುಗಳಿಗೆ ಕ್ಯಾಟಲಾಗ್ ಬರೆಯುತ್ತಿದ್ದನಂತೆ. ಹದಿಹರೆಯದಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಒಂದು ಹರಾಜು ಸಂಸ್ಥೆಗೆ ಕೆಲಸಕ್ಕೆ ಸೇರಿದ. 1921ರಲ್ಲಿ ಸಂಗ್ರಾಹಕರ ಗುರುತುಗಳ ಮಹಾಕೋಶ ಹೊರತಂದ. 3,000ಕ್ಕೂ ಜಾಸ್ತಿ ಗುರುತುಗಳು, ಒಂದೊಂದಕ್ಕೂ ಒಂದು ನಂಬರು, ಆ ಮನುಷ್ಯ ಯಾರು, ಅವನ ಸಂಗ್ರಹ ಕೊನೆಗೆ ಏನಾಯಿತು ಅನ್ನುವ ಟಿಪ್ಪಣಿ. 1956ರಲ್ಲಿ ಪುರವಣಿ ಬಂತು. ಇವತ್ತಿಗೂ ಯಾವುದೇ ಹರಾಜಿನ ಕ್ಯಾಟಲಾಗ್ ತೆರೆದರೆ ‘ಎಲ್. 2092’ ಅಂತ ಕಾಣುತ್ತದೆ. ಎಲ್ ಅಂದರೆ ಲುಗ್ಟ್, 2092 ಅಂದರೆ ಪೀಟರ್ ಲೀಲಿಯ ಸೀಲು. ರಿಚರ್ಡ್‌ಸನ್‌ನ ಒಂದು ಸೀಲಿನ ನಂಬರು 2184. ನಂಬರಿನ ಪಕ್ಕ ಎ, ಬಿ ಅಂತ ಅಕ್ಷರ ಇದ್ದರೆ ಅದು ಪುರವಣಿಯಲ್ಲಿ ಸೇರಿದ್ದು.

ಸೀಲು ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ: ಇದನ್ನು ಒತ್ತಿದವರು ಯಾರು? ಹೆಸರಿನವನೇ ಒತ್ತಿರಬೇಕೆಂದೇನಿಲ್ಲ. ಲೀಲಿ 1680ರಲ್ಲಿ ಸತ್ತಾಗ ಸಾಲ ಬಿಟ್ಟು ಹೋಗಿದ್ದ. ಅವನ ಆಸ್ತಿಯ ಜವಾಬ್ದಾರಿ ಹೊತ್ತಿದ್ದ ರಾಜರ್ ನಾರ್ತ್ ಅನ್ನುವ ವಕೀಲ ಚಿತ್ರಗಳನ್ನೆಲ್ಲ ಗುಡ್ಡೆ ಹಾಕಿ, ಮಾರುವ ಮುಂಚೆ ಒಂದೊಂದರ ಮೇಲೂ ‘ಪಿಎಲ್’ ಒತ್ತಿಸಿದ. ಅವು 1688 ಮತ್ತು 1694ರಲ್ಲಿ ಹರಾಜಾದವು. ಹಾಗಾಗಿ ‘ಪಿಎಲ್’ ಇದೆ ಅಂದರೆ ಲೀಲಿ ಸತ್ತಾಗ ಆ ಹಾಳೆ ಅವನ ಮನೆಯಲ್ಲಿತ್ತು ಅಂತ ಅರ್ಥ. ಲೀಲಿ ಅದನ್ನು ಮೆಚ್ಚಿದ್ದ ಅಂತಲ್ಲ. ಅದರ ಮೇಲೆ ಬರೆದ ಹೆಸರನ್ನು ಅವನು ಒಪ್ಪಿದ್ದ ಅಂತ ಮೊದಲೇ ಅಲ್ಲ. ಈ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ಮಾರುವವರು ಬೇಕಂತಲೇ ಮರೆಸುವುದು ಇದನ್ನೇ. ಸೀಲು ಒಡೆಯನ ಹೆಸರು ಹೇಳುತ್ತದೆ. ಚಿತ್ರ ಬರೆದವನ ಹೆಸರು ಹೇಳುವುದಿಲ್ಲ.

ಲಂಡನ್ನಿನ ಸೀಲುಗಳ ಸಾಲು ನೋಡಿದರೆ ಒಂದು ತಮಾಷೆ ಗೊತ್ತಾಗುತ್ತದೆ. ಲೀಲಿ ಭಾವಚಿತ್ರಕಾರ. ಅವನ ಹರಾಜಿನ ಹಾಳೆಗಳು ಎಷ್ಟೋ ರಿಚರ್ಡ್‌ಸನ್ ಹತ್ತಿರ ಸೇರಿದವು, ಅವನೂ ಭಾವಚಿತ್ರಕಾರ. ರಿಚರ್ಡ್‌ಸನ್‌ನ ಶಿಷ್ಯ ಥಾಮಸ್ ಹಡ್ಸನ್ ಅವನ ಅಳಿಯನೂ ಆದ, ಮಾವನ ಹರಾಜಿನಲ್ಲಿ ಬೇಕಾದಷ್ಟು ಕೊಂಡ. ಹಡ್ಸನ್‌ನ ಶಿಷ್ಯ ಜೋಶುವಾ ರೆನಾಲ್ಡ್ಸ್. ಅವನಾದ ಮೇಲೆ ಥಾಮಸ್ ಲಾರೆನ್ಸ್. ಎಲ್ಲರೂ ದುಡ್ಡಿರುವವರ ಮುಖ ಬರೆದು ಸಂಪಾದಿಸಿದವರು, ಆ ದುಡ್ಡನ್ನು ರಾಫೆಲ್, ಮೈಕಲೇಂಜೆಲೊ ಬರೆದ ಕಾಗದಗಳಿಗೆ ಸುರಿದವರು. ಒಂದು ಹಾಳೆಯ ಅಂಚಿನಲ್ಲಿ ಈ ಐವರಲ್ಲಿ ಮೂವರ ಸೀಲು ಒಟ್ಟಿಗೆ ಕಾಣುವುದು ಅಪರೂಪವೇನಲ್ಲ.

ಲಾರೆನ್ಸ್ ಕಥೆ ಹೇಳದೆ ಮುಂದೆ ಹೋಗಲಾಗದು. ಅವನ ಸೀಲು ‘ಟಿಎಲ್’, ಲುಗ್ಟ್ ನಂಬರು 2445. ಇದಕ್ಕೆ ಶಾಯಿ ಇಲ್ಲ, ಬರೀ ಒತ್ತಿದ ಅಚ್ಚು. ನೇರ ಬೆಳಕಿನಲ್ಲಿ ಕಣ್ಣು ತಪ್ಪಿಸುತ್ತದೆ, ಹಾಳೆಯನ್ನು ಓರೆ ಮಾಡಿದಾಗ ಎರಡು ಅಕ್ಷರ ಎದ್ದು ಬರುತ್ತವೆ. 1830ರಲ್ಲಿ ಲಾರೆನ್ಸ್ ಸತ್ತ. ತನ್ನ ಇಡೀ ಸಂಗ್ರಹವನ್ನು 18,000 ಪೌಂಡಿಗೆ ಮೊದಲು ರಾಜನಿಗೆ, ಅವನು ಬೇಡವೆಂದರೆ ಬ್ರಿಟಿಷ್ ಮ್ಯೂಸಿಯಂಗೆ ಕೊಡಬೇಕೆಂದು ಉಯಿಲು ಬರೆದಿಟ್ಟಿದ್ದ. ಇಬ್ಬರೂ ಕೊಳ್ಳಲಿಲ್ಲ. ಜಗತ್ತಿನ ಅತಿ ಶ್ರೀಮಂತ ರೇಖಾಚಿತ್ರ ಸಂಗ್ರಹಗಳಲ್ಲಿ ಒಂದು ಹೀಗೆ ಸ್ಯಾಮ್ಯುಯೆಲ್ ವುಡ್‌ಬರ್ನ್ ಅನ್ನುವ ವ್ಯಾಪಾರಿಯ ಕೈ ಸೇರಿತು. ಅವನು 1835ರಿಂದ ಕಂತು ಕಂತಾಗಿ ಪ್ರದರ್ಶನಕ್ಕಿಟ್ಟು ಮಾರಿದ. ಒಂದಷ್ಟು ರಾಫೆಲ್, ಮೈಕಲೇಂಜೆಲೊ ಹಾಳೆಗಳು ಚಂದಾ ಎತ್ತಿದ ಹಣದಿಂದ ಆಕ್ಸ್‌ಫರ್ಡ್‌ಗೆ ಹೋದವು. ಒಂದಷ್ಟನ್ನು ಆಗ ಡಚ್ ಯುವರಾಜನಾಗಿದ್ದು ಮುಂದೆ ರಾಜನಾದ ಎರಡನೇ ವಿಲಿಯಂ ಕೊಂಡ. ಅವನೂ ಸಾಲದಲ್ಲೇ ಸತ್ತ, 1850ರಲ್ಲಿ ಹೇಗ್‌ನಲ್ಲಿ ಅವೂ ಹರಾಜಾದವು. ರಾಫೆಲ್ ಬರೆದ ಒಬ್ಬ ಕಲಾದೇವಿಯ ತಲೆಯ ಚಿತ್ರ ಇದೇ ದಾರಿಯಲ್ಲಿ ಬಂದದ್ದು. ವ್ಯಾಟಿಕನ್ ಗೋಡೆಚಿತ್ರಕ್ಕೆ ಮಾಡಿಕೊಂಡ ತಯಾರಿ ಅದು. 2009ರಲ್ಲಿ ಲಂಡನ್ನಿನಲ್ಲಿ 2.92 ಕೋಟಿ ಪೌಂಡಿಗೆ ಮಾರಾಟವಾಯಿತು. ಆ ಬೆಲೆ ಬಂದದ್ದು ರಾಫೆಲ್‌ನ ಕೈಚಳಕಕ್ಕೆ ನಿಜ, ಆದರೆ ಹಿಂದಿನ ಒಡೆಯರ ಪಟ್ಟಿಯಲ್ಲಿ ಲಾರೆನ್ಸ್, ಡಚ್ ರಾಜ ಇದ್ದರೆ ಕೊಳ್ಳುವವರ ಕೈ ನಡುಗುವುದು ಕಡಿಮೆಯಾಗುತ್ತದೆ.

ಸೀಲು ಮಾತ್ರ ನೋಡಿದರೆ ಸಾಲದು, ಹಾಳೆ ಅಂಟಿಸಿದ ರಟ್ಟನ್ನೂ ನೋಡಬೇಕು. ಹಳೆಯ ಸಂಗ್ರಾಹಕರು ಚಿತ್ರವನ್ನು ದಪ್ಪ ಕಾಗದಕ್ಕೆ ಅಂಟಿಸಿ ಸುತ್ತ ಗೆರೆ, ಬಣ್ಣ, ಚಿನ್ನದ ಪಟ್ಟಿ ಹಾಕಿಸುತ್ತಿದ್ದರು. ಪ್ಯಾರಿಸ್‌ನ ಪಿಯರ್ ಜಾನ್ ಮಾರಿಯೆಟ್‌ನ ನೀಲಿ ರಟ್ಟನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕೆಳಗೆ ಅಲಂಕಾರದ ಚೌಕಟ್ಟಿನೊಳಗೆ ಲ್ಯಾಟಿನ್‌ನಲ್ಲಿ ಕಲಾವಿದನ ಹೆಸರು. ರಿಚರ್ಡ್‌ಸನ್ ರಟ್ಟಿನ ಹಿಂದೆ ಶಾಯಿಯಲ್ಲಿ ಅಕ್ಷರ, ಅಂಕಿ ಸೇರಿಸಿ ಒಂದು ಗುರುತು ಬರೆಯುತ್ತಿದ್ದ. ತನ್ನ ಮನೆಯಲ್ಲಿ ಆ ಹಾಳೆಯ ಜಾಗ ಯಾವುದು ಅಂತ ತಿಳಿಯಲು. ಬೇರೆ ಬೇರೆ ದೇಶಕ್ಕೆ ಹೋದ ಎರಡು ಹಾಳೆಗಳ ಹಿಂದೆ ಅಕ್ಕಪಕ್ಕದ ಗುರುತು ಸಿಕ್ಕಿದರೆ ಅವು ಒಂದೇ ಕಡೆ ಇದ್ದವು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ದುರಂತ ಏನೆಂದರೆ ಮುಂದಿನ ಒಡೆಯರಿಗೆ ಹಳೆ ರಟ್ಟು ಕೊಳಕಾಗಿ ಕಾಣುತ್ತದೆ. ಕಿತ್ತು ಬಿಸಾಡುತ್ತಾರೆ. ಹಾಳೆಯ ಅಂಚು ಕತ್ತರಿಸುತ್ತಾರೆ, ಜೊತೆಗೆ ಸೀಲೂ ಹೋಗುತ್ತದೆ. ಮಾರಿಯೆಟ್ ಮಹಾಶಯ ಇನ್ನೂ ಒಂದು ಹೆಜ್ಜೆ ಮುಂದೆ. ಎರಡೂ ಬದಿಯಲ್ಲಿ ಚಿತ್ರ ಇದ್ದ ಕೆಲವು ಹಾಳೆಗಳನ್ನು ಅವನು ದಪ್ಪದಲ್ಲೇ ಸೀಳಿಸಿ ಎರಡು ಮಾಡಿಸಿದ್ದುಂಟು. ಒಂದೇ ಕಾಗದದ ಮುಂದು ಹಿಂದು ಎರಡು ಬೇರೆ ಚಿತ್ರಗಳಾಗಿ, ಎರಡು ಬೇರೆ ಇತಿಹಾಸ ಹೊತ್ತು ಹೋಗುವ ಹಾಗೆ. ಸಂಶೋಧಕರಿಗೆ ಇದಕ್ಕಿಂತ ತಲೆನೋವು ಇನ್ನೇನು ಬೇಕು?

ಇನ್ನು ಕಾಗದ. ಹಳೆ ಯುರೋಪಿಯನ್ ಕಾಗದವನ್ನು ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್, ಅಂದರೆ ಕಾಗದ ಮಾಡುವಾಗಲೇ ಗಿರಣಿಯವರು ಒಳಗೆ ಮೂಡಿಸಿದ ಗುರುತು, ಕಾಣುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2016ರಲ್ಲಿ ಒಬ್ಬರ ಮನೆ ಸಾಮಾನು ಮಾರಾಟದಲ್ಲಿ ಯಾರೋ 30 ಡಾಲರಿಗೆ ಒಂದು ಚಿತ್ರ ಕೊಂಡರು. ಮಗುವನ್ನು ಎತ್ತಿಕೊಂಡು ಹುಲ್ಲು ಜಗಲಿಯ ಮೇಲೆ ಕೂತ ಮೇರಿ, ಕೆಳಗೆ ‘ಎಡಿ’ ಅನ್ನುವ ಸಹಿ. ಸುಮ್ನೆ ಹಳೆ ಪ್ರಿಂಟ್ ಇರಬೇಕು ಅಂದುಕೊಂಡಿದ್ದರು. ಪರೀಕ್ಷೆ ಮಾಡಿದಾಗ ಕಾಗದದೊಳಗೆ ತ್ರಿಶೂಲ ಮತ್ತು ಉಂಗುರದ ವಾಟರ್‌ಮಾರ್ಕ್ ಸಿಕ್ಕಿತು. ಜರ್ಮನಿಯ ಹೆಸರಾಂತ ಹಳೆಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ನೂರಾರು ಹಾಳೆಗಳಲ್ಲಿ ಬಳಸಿದ ಕಾಗದ ಅದು. 2021ರಲ್ಲಿ ಲಂಡನ್ನಿನಲ್ಲಿ ಅದನ್ನು ಡ್ಯೂರರ್‌ನದೇ ಎಂದು ಪ್ರದರ್ಶಿಸಿದರು. ವಾಟರ್‌ಮಾರ್ಕ್ ಒಂದರಿಂದಲೇ ಡ್ಯೂರರ್ ಅನ್ನಲಾಗದು, ಶಿಷ್ಯರೂ ಅದೇ ಕಟ್ಟಿನಿಂದ ಹಾಳೆ ತೆಗೆದುಕೊಂಡಿರಬಹುದು. ಆದರೆ ಎಲ್ಲಿ ಹುಡುಕಬೇಕು ಅನ್ನುವುದು ಅಲ್ಲಿಂದ ಗೊತ್ತಾಗುತ್ತದೆ.

ನಮ್ಮ ಮೊಘಲರ ವಿಷಯದಲ್ಲಿ ಈ ದಾರಿ ಮುಚ್ಚಿಹೋಗಿದೆ. ರೆಂಬ್ರಾಂಟ್ ಇವುಗಳಲ್ಲಿ ಹೆಚ್ಚಿನವನ್ನು ಬರೆದದ್ದು ಜಪಾನಿ ಕಾಗದದ ಮೇಲೆ. ನುಣುಪಾದ, ಹಳದಿ ಛಾಯೆಯ, ದುಬಾರಿ ಕಾಗದ. ಅದೂ ಕಂಪನಿ ಹಡಗಿನಲ್ಲೇ ಬಂದದ್ದು. ಅದರಲ್ಲಿ ಯುರೋಪಿನ ಗಿರಣಿಗಳ ವಾಟರ್‌ಮಾರ್ಕ್ ಇರುವುದಿಲ್ಲ. ಆದರೆ ಕಾಗದವೇ ಒಂದು ಸುಳಿವು. ಇಷ್ಟು ಬೆಲೆಬಾಳುವ ಹಾಳೆಯನ್ನು ಒಂದು ಇಡೀ ಸಾಲು ಚಿತ್ರಗಳಿಗೆ ಬಳಸಿದ್ದಾನೆ ಅಂದರೆ ಇವು ಗೀಚಿ ಬಿಸಾಡಿದ ಅಭ್ಯಾಸವಲ್ಲ, ಒಂದು ಗುಂಪಾಗಿ ಇಟ್ಟುಕೊಳ್ಳಲು ಮಾಡಿದ್ದು ಅನ್ನುವ ಗುಮಾನಿ ಬರುತ್ತದೆ. ಪುಸ್ತಕವಾಗಿ ಮಾರಾಟಕ್ಕೆ ಬಂದ ಸಂಗತಿಗೂ ಅದು ಹೊಂದುತ್ತದೆ.

ಕಾಲ ಗೊತ್ತುಮಾಡಲು ಇನ್ನೊಂದು ಕೊಕ್ಕೆ ಸಿಕ್ಕಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನಾಲ್ವರು ಮುಲ್ಲಾಗಳ ಚಿತ್ರ ನೋಡಿ. ಮರದ ಕೆಳಗೆ ಅರ್ಧವೃತ್ತವಾಗಿ ಕೂತಿದ್ದಾರೆ, ನಡುವೆ ಪುಟ್ಟ ಬಟ್ಟಲುಗಳು. 1656ರಲ್ಲಿ ರೆಂಬ್ರಾಂಟ್ ಮಾಡಿದ ಒಂದು ಎಚಿಂಗ್‌ನಲ್ಲಿ (ಲೋಹದ ತಗಡಿನ ಮೇಲೆ ಗೆರೆ ಕೊರೆದು ಒತ್ತಿದ ಅಚ್ಚುಚಿತ್ರ) ಅಬ್ರಹಾಂ ತನ್ನ ಮನೆಗೆ ಬಂದ ದೇವದೂತರಿಗೆ ಊಟ ಬಡಿಸುತ್ತಾನೆ. ಅಲ್ಲಿ ಅತಿಥಿಗಳು ನೆಲದ ಮೇಲೆ ಕೂತಿರುವ ರೀತಿ ಇದೇ! ಎಚಿಂಗ್ ಮೇಲೆ ಇಸವಿ ಇದೆ. ಅಂದರೆ ಆ ಮೊಘಲ್ ಚಿತ್ರ 1656ರ ಹೊತ್ತಿಗೆ ಅವನ ಕಣ್ಣಿಗೆ ಬಿದ್ದಾಗಿತ್ತು. ಅವನು ನೋಡಿ ಬರೆದ ಮೂಲ ರಚನೆಯ ಮೊಘಲ್ ಚಿತ್ರ ಇವತ್ತು ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿದೆ. ಮಾರಿಯಾ ತೆರೇಸಾ ರಾಣಿಯ ಕಾಲದಲ್ಲಿ ಮೊಘಲ್ ಕಿರುಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಗೋಡೆಯ ಚೌಕಟ್ಟುಗಳಿಗೆ ಅಂಟಿಸಿ ಒಂದು ಕೋಣೆಯನ್ನೇ ಅಲಂಕರಿಸಿದರು. ಮೂಲ ಒಂದು ಊರಿನಲ್ಲಿ, ನಕಲು ಇನ್ನೊಂದರಲ್ಲಿ. ಒಂದು ಹಾಳೆಯ ಜಾಡು ಹಿಡಿಯಲು ಹೋದರೆ ಎರಡು ಜಾಡು ಸಿಗುತ್ತದೆ.

ಹಾಗಾದರೆ ರೆಂಬ್ರಾಂಟ್‌ನಿಂದ ರಿಚರ್ಡ್‌ಸನ್‌ವರೆಗೆ? ಇಲ್ಲಿ ವಿಷಯ ಬಿಗಿಯಾಗುತ್ತದೆ. 1656ರ ಜುಲೈನಲ್ಲಿ ರೆಂಬ್ರಾಂಟ್ ದಿವಾಳಿಯಾದ. ಅಧಿಕಾರಿಗಳು ಮನೆಗೆ ಬಂದು ಕೋಣೆ ಕೋಣೆ ಸುತ್ತಿ ಪಟ್ಟಿ ಮಾಡಿದರು. ಒಟ್ಟು 363 ನಮೂದು. ಅದರಲ್ಲೊಂದು: ವಿಶೇಷವಾದ ಕಿರುಚಿತ್ರಗಳು ತುಂಬಿದ ಒಂದು ಪುಸ್ತಕ, ಜೊತೆಗೆ ನಾನಾ ಬಗೆಯ ಉಡುಪು ತೋರಿಸುವ ಅಚ್ಚುಚಿತ್ರಗಳು. ಈ ಕಿರುಚಿತ್ರಗಳೇ ಮೊಘಲ್ ಚಿತ್ರಗಳು ಅಂತ ಹಲವರು ಊಹಿಸಿದ್ದಾರೆ. ಚೆನ್ನಾಗಿ ಹೊಂದುತ್ತದೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಪಟ್ಟಿಯಲ್ಲಿ ಮೊಘಲ್ ಅಂತಲೂ ಇಲ್ಲ, ಇಂಡಿಯಾ ಅಂತಲೂ ಇಲ್ಲ. ಅದೂ ಅಲ್ಲದೆ ಅದು ಅವನು ನೋಡಿದ ಚಿತ್ರಗಳ ಪಟ್ಟಿ ಇರಬಹುದೇ ಹೊರತು ಅವನು ಬರೆದವುಗಳದ್ದಲ್ಲ. ಅವನು ಬರೆದ 25 ಹಾಳೆಗಳು ಮೊದಲು ಕಾಗದದ ಮೇಲೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 1747ರಲ್ಲಿ. ಮಧ್ಯೆ ಸುಮಾರು 90 ವರ್ಷ ಖಾಲಿ.

ಈ ಖಾಲಿ ಜಾಗವನ್ನು ಏನು ಮಾಡಬೇಕು? ನನ್ನ ಪ್ರಕಾರ ಇಡೀ ವಿದ್ಯೆಯ ಮರ್ಮ ಈ ಪ್ರಶ್ನೆಯಲ್ಲಿದೆ. ಆಸೆ ಹುಟ್ಟುತ್ತದೆ. 1658ರಲ್ಲಿ ರೆಂಬ್ರಾಂಟ್‌ನ ಕಾಗದದ ಕಲಾಕೃತಿಗಳು ಹರಾಜಾದವು, ಅಲ್ಲಿ ಯಾರೋ ಡಚ್ಚ ಕೊಂಡ, ಅವನ ಮಗ ಲಂಡನ್ನಿಗೆ ಮಾರಿದ ಅಂತ ಒಂದು ಕಥೆ ಹೆಣೆಯುವುದು ಎಷ್ಟು ಸುಲಭ! ಒಳ್ಳೆ ಸಂಶೋಧಕ ಹಾಗೆ ಮಾಡುವುದಿಲ್ಲ. ಅವನ ಪಟ್ಟಿ ರಿಚರ್ಡ್‌ಸನ್‌ನಿಂದಲೇ ಶುರುವಾಗುತ್ತದೆ. ರೆಂಬ್ರಾಂಟ್ ಕೈಯದು ಅನ್ನುವುದನ್ನು ಗೆರೆ, ಕಾಗದ, ಶಾಯಿ, ಆ ಎಚಿಂಗ್ ಎಲ್ಲ ಸೇರಿ ಹೇಳುತ್ತವೆ. ಒಡೆತನದ ಪಟ್ಟಿ ಹೇಳುವುದು ಒಡೆತನವನ್ನು ಮಾತ್ರ.

ಮ್ಯೂಸಿಯಂಗಳಲ್ಲಿ ಈ ಪ್ರಾಮಾಣಿಕತೆಗೆ ಒಂದು ಚುಕ್ಕೆಯ ಲಿಪಿಯೇ ಇದೆ. ಒಡೆಯರ ಹೆಸರುಗಳ ನಡುವೆ ಅರ್ಧವಿರಾಮ ಇದ್ದರೆ ಚಿತ್ರ ನೇರವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿದೆ ಅಂತ ಅರ್ಥ. ಪೂರ್ಣವಿರಾಮ ಇದ್ದರೆ ಅಲ್ಲಿ ಕೊಂಡಿ ತಪ್ಪಿದೆ, ಅಥವಾ ನೇರ ಹೋಗಿದ್ದಕ್ಕೆ ಪುರಾವೆ ಇಲ್ಲ. ಅಮೆರಿಕದ ಮ್ಯೂಸಿಯಂಗಳ ಸಂಘ ಶಿಫಾರಸು ಮಾಡಿದ ಕ್ರಮ ಇದು, ಎಲ್ಲರೂ ಪಾಲಿಸುತ್ತಾರೆ ಅಂತಲ್ಲ. ಆದರೂ ಇದು ಗೊತ್ತಾದ ಮೇಲೆ ಪಟ್ಟಿ ಓದುವ ಕಣ್ಣೇ ಬದಲಾಗುತ್ತದೆ. ದೊಡ್ಡ ದೊಡ್ಡ ಹೆಸರುಗಳನ್ನು ಬಿಟ್ಟು ಚುಕ್ಕೆ ಹುಡುಕಲು ಶುರುಮಾಡುತ್ತೀರಿ.

ಹಳೆ ಕ್ಯಾಟಲಾಗ್ ಓದುವುದಕ್ಕೂ ಅಭ್ಯಾಸ ಬೇಕು. ಉದಾಹರಣೆಗೆ ರಿಚರ್ಡ್‌ಸನ್ ಹರಾಜಿನ ಇಸವಿಯನ್ನು ಕೆಲವರು 1746 ಅಂತ ಬರೆದಿರುತ್ತಾರೆ, ಕೆಲವರು 1747 ಅಂತ. ಇಬ್ಬರದೂ ತಪ್ಪಲ್ಲ. ಇಂಗ್ಲೆಂಡಿನಲ್ಲಿ 1752ಕ್ಕಿಂತ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಆ ಜನವರಿ ಅವರ ಲೆಕ್ಕದಲ್ಲಿ ಇನ್ನೂ 1746. ಇದು ಗೊತ್ತಿಲ್ಲದವರು ಒಂದೇ ಹರಾಜನ್ನು ಎರಡು ಅಂದುಕೊಳ್ಳುತ್ತಾರೆ. ‘ಒಂದು ತಲೆ, ರಾಫೆಲ್‌ನದು’ ಅನ್ನುವ ವಿವರಣೆಯಿಂದ ಏನೂ ತಿಳಿಯುವುದಿಲ್ಲ. ಆದರೆ ಅದೇ ಕ್ಯಾಟಲಾಗಿನ ಒಂದು ಪ್ರತಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬೆಲೆ, ಕೊಂಡವರ ಹೆಸರು ಗೀಚಿರುತ್ತಾರೆ. ಅಂಥ ಪ್ರತಿಗಳಿಗೆ ಬೆಲೆ ಕಟ್ಟಲಾಗದು. ಪ್ಯಾರಿಸ್‌ನಲ್ಲಿ ಗೇಬ್ರಿಯೆಲ್ ದ ಸೇಂಟ್ ಓಬಾಂ ಅನ್ನುವ ಚಿತ್ರಕಾರ ಹರಾಜಿಗೆ ಹೋಗಿ ಕ್ಯಾಟಲಾಗಿನ ಅಂಚಿನಲ್ಲೇ ಅಲ್ಲಿದ್ದ ಕೃತಿಗಳನ್ನು ಉಗುರಿನಷ್ಟು ಚಿಕ್ಕದಾಗಿ ಬರೆದುಕೊಳ್ಳುತ್ತಿದ್ದ. ಮಾರಿಯೆಟ್‌ನ ಸಂಗ್ರಹ 1775ರ ಕೊನೆಯಲ್ಲಿ ಹರಾಜಾದಾಗಲೂ ಬರೆದ. ಕ್ಯಾಮೆರಾ ಇಲ್ಲದ ಕಾಲದಲ್ಲಿ ನಮಗೆ ಸಿಕ್ಕಿದ ಫೋಟೋಗಳು ಅವು.

ಇಷ್ಟೆಲ್ಲ ಗುರುತುಗಳ ಮೇಲೆ ನಂಬಿಕೆ ನಿಂತಿದೆ ಅಂದಮೇಲೆ ಅವುಗಳನ್ನೇ ನಕಲು ಮಾಡುವವರು ಹುಟ್ಟದೆ ಇರುತ್ತಾರಾ? ಎರಿಕ್ ಹೆಬ್ಬಾರ್ನ್ ಅನ್ನುವ ಇಂಗ್ಲಿಷ್ ಚಿತ್ರಕಾರ ರೋಮ್‌ನಲ್ಲಿದ್ದುಕೊಂಡು ಹಳೆ ಪುಸ್ತಕಗಳಿಂದ ಖಾಲಿ ಹಾಳೆ ಕಿತ್ತು, ಹಳೆ ಕ್ರಮದಲ್ಲಿ ಶಾಯಿ ಮಾಡಿ, ಓಲ್ಡ್ ಮಾಸ್ಟರ್‌ಗಳ, ಅಂದರೆ ಹಳೆಯ ಯುರೋಪಿನ ದೊಡ್ಡ ಕಲಾವಿದರ, ಹೆಸರಿಗೆ ಹೊಂದುವ ಚಿತ್ರಗಳನ್ನು ಬರೆಯುತ್ತಿದ್ದ. ಸಂಗ್ರಾಹಕರ ಸೀಲೂ ಅವನ ಕೈಯಲ್ಲೇ ಮೂಡುತ್ತಿತ್ತು. ಲಂಡನ್ನಿನ ಹೆಸರಾಂತ ವ್ಯಾಪಾರಿಗಳ ಮೂಲಕ ಅವು ದೊಡ್ಡ ಮ್ಯೂಸಿಯಂಗಳನ್ನು ಸೇರಿದವು. 1978ರಲ್ಲಿ ವಾಷಿಂಗ್ಟನ್ ನ್ಯಾಷನಲ್ ಗ್ಯಾಲರಿಯ ಕ್ಯುರೇಟರ್ ಕೊನ್ರಾಡ್ ಓಬರ್‌ಹೂಬರ್ ಎರಡು ಹಾಳೆಗಳನ್ನು ಹೋಲಿಸಿದ. ಒಂದು ತನ್ನ ಗ್ಯಾಲರಿಯದು, ಇನ್ನೊಂದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯದು. ಬೇರೆ ಬೇರೆ ಇಟಾಲಿಯನ್ ಕಲಾವಿದರು ಬರೆದಿದ್ದು ಅಂತ ಎರಡೂ ಸಂಸ್ಥೆಗಳು ಕೊಂಡಿದ್ದವು, ಆದರೆ ಕಾಗದ ಒಂದೇ! ಇಬ್ಬರಿಗೂ ಮಾರಿದ್ದು ಒಬ್ಬನೇ ವ್ಯಾಪಾರಿ. ಅಲ್ಲಿಂದ ಗುಟ್ಟು ಬಿಚ್ಚಿತು, ಹೆಬ್ಬಾರ್ನ್ ಆಮೇಲೆ ತಾನೇ ಹೆಮ್ಮೆಯಿಂದ ಒಪ್ಪಿಕೊಂಡ. ಹೆಸರಿನ ಮೇಲೆ ಹೆಸರು ಬಂದು ಎಲ್ಲೂ ಬಿರುಕೇ ಇಲ್ಲದ ಪಟ್ಟಿ ಕಂಡರೆ ಜಾಸ್ತಿ ಹೊತ್ತು ನೋಡಬೇಕು. ನಿಜವಾದ ಇತಿಹಾಸಕ್ಕೆ ಎಲ್ಲೋ ಒಂದು ತೂತು ಇದ್ದೇ ಇರುತ್ತದೆ.

ಆದರೆ ಒಂದು ಕಾಲದ ತೂತನ್ನು ಯಾರೂ ಸುಮ್ಮನೆ ದಾಟುವ ಹಾಗಿಲ್ಲ. 1933ರಿಂದ 1945. ನಾಜಿಗಳು ಯಹೂದಿ ಮನೆಗಳಿಂದ ಕಿತ್ತುಕೊಂಡ ಕಲಾಕೃತಿಗಳು ಯುದ್ಧದ ನಂತರ ಏನೂ ಆಗಿಲ್ಲವೆಂಬಂತೆ ಮಾರುಕಟ್ಟೆಗೆ ಬಂದವು. 1998ರಲ್ಲಿ ವಾಷಿಂಗ್ಟನ್ನಿನಲ್ಲಿ 44 ದೇಶಗಳು ಸೇರಿ ಇಂಥ ಕೃತಿಗಳನ್ನು ಹುಡುಕಿ ನ್ಯಾಯ ಒದಗಿಸಬೇಕೆಂದು ಒಪ್ಪಿಕೊಂಡವು. ಅದಾದ ಮೇಲೆ ಮ್ಯೂಸಿಯಂಗಳು ತಮ್ಮ ಪಟ್ಟಿಗಳನ್ನು ಹೊಸದಾಗಿ ಓದತೊಡಗಿದವು.

ಈಗಿನ ಚೆಕ್ ದೇಶದ ಬ್ರನೋ ಊರಿನ ವಕೀಲ ಆರ್ಥರ್ ಫೆಲ್ಡ್‌ಮನ್ ಅವರ ಹತ್ತಿರ ಸುಮಾರು 750 ಓಲ್ಡ್ ಮಾಸ್ಟರ್ ರೇಖಾಚಿತ್ರಗಳಿದ್ದವು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಊರಿಗೆ ಬಂತು. ಅವತ್ತೇ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರ ಮನೆಗೂ ಬಂತು. ಸಂಗ್ರಹ ಹೋಯಿತು. ಫೆಲ್ಡ್‌ಮನ್ ಚಿತ್ರಹಿಂಸೆಗೆ ಸಿಕ್ಕಿ 1941ರಲ್ಲಿ ಸತ್ತರು, ಅವರ ಹೆಂಡತಿಯನ್ನು ಆಶ್ವಿಟ್ಸ್‌ನಲ್ಲಿ ಕೊಂದರು. 1946ರಲ್ಲಿ ಬ್ರಿಟಿಷ್ ಮ್ಯೂಸಿಯಂ ಲಂಡನ್ನಿನ ಹರಾಜಿನಲ್ಲಿ ಮೂರು ಹಾಳೆ ಕೊಂಡಿತು, ನಾಲ್ಕನೆಯದು 1949ರಲ್ಲಿ ಒಬ್ಬ ದಾನಿಯ ಉಯಿಲಿನಿಂದ ಬಂತು. ನಾಲ್ಕೂ ಫೆಲ್ಡ್‌ಮನ್ ಮನೆಯವು. ನಿಕೊಲೊ ದೆಲ್‌ಅಬಾಟೆ ಬರೆದ ಪವಿತ್ರ ಕುಟುಂಬದ ಚಿತ್ರ ಅವುಗಳಲ್ಲಿ ಒಂದು.

2002ರಲ್ಲಿ ವಾರಸುದಾರರು ಕೇಳಿದರು. ವಾಪಸ್ ಕೊಡಲು ಮ್ಯೂಸಿಯಂಗೂ ಮನಸ್ಸಿತ್ತು. ಆದರೆ 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ಸಂಗ್ರಹದಿಂದ ವಸ್ತು ಹೊರಗೆ ಕೊಡಲು ಬಿಡುವುದಿಲ್ಲ. 2005ರಲ್ಲಿ ಹೈಕೋರ್ಟ್ ಅದನ್ನೇ ಹೇಳಿತು: ನೈತಿಕವಾಗಿ ಕೊಡಬೇಕು ಅನ್ನಿಸಿದರೂ ಕಾನೂನು ಮೀರುವ ಹಾಗಿಲ್ಲ. 2006ರಲ್ಲಿ ಕುಟುಂಬಕ್ಕೆ 1,75,000 ಪೌಂಡ್ ಕೊಡಬೇಕೆಂದು ಸರ್ಕಾರಿ ಸಲಹಾ ಮಂಡಳಿ ಶಿಫಾರಸು ಮಾಡಿತು. ಇಂಥ ಕೃತಿಗಳನ್ನೇ ಹಿಂದಿರುಗಿಸಲು ದಾರಿ ಮಾಡಿಕೊಡುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 2009ರಲ್ಲಿ. ಒಡೆಯರ ಪಟ್ಟಿಯಲ್ಲಿ ತಪ್ಪಿಹೋಗಿದ್ದ ಒಂದು ಹೆಸರು ಕೊನೆಗೆ ದೇಶದ ಕಾನೂನನ್ನೇ ತಿದ್ದುವ ಚರ್ಚೆಗೆ ಎಳೆಯಿತು.

ಈ ಕೆಲಸದ ಎಷ್ಟೋ ಭಾಗವನ್ನು ಈಗ ಮನೆಯಲ್ಲಿ ಕೂತೇ ಮಾಡಬಹುದು. ಲುಗ್ಟ್‌ನ ಇಡೀ ಕೋಶವನ್ನು ಅವನೇ ಸ್ಥಾಪಿಸಿದ ಪ್ಯಾರಿಸ್‌ನ ಫೊಂಡಾಸಿಯೊಂ ಕುಸ್ಟೋಡಿಯಾ 2010ರಿಂದ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ. ವಿವರ ಫ್ರೆಂಚಿನಲ್ಲಿದೆ, ಆದರೆ ಸೀಲಿನ ಚಿತ್ರಕ್ಕೆ ಭಾಷೆ ಬೇಡವಲ್ಲ. ಹಳೆ ಹರಾಜುಗಳ ದಾಖಲೆಗೆ ಗೆಟ್ಟಿಯ ಪ್ರಾವೆನೆನ್ಸ್ ಇಂಡೆಕ್ಸ್ ಇದೆ. ರೆಂಬ್ರಾಂಟ್‌ನ ಶಹಜಹಾನ್ ಚಿತ್ರ ಯಾವುದಾದರೂ ಮ್ಯೂಸಿಯಂನ ಪುಟದಲ್ಲಿ ತೆರೆದರೆ ದೊಡ್ಡದು ಮಾಡಿ ನೋಡಿ. ಮೊದಲು ನಾಲ್ಕು ಮೂಲೆ, ಆಮೇಲೆ ಒಡೆಯರ ಪಟ್ಟಿ, ಕೊನೆಗೆ ಚಕ್ರವರ್ತಿಯ ಮುಖ.